ಅಳತೆಯ ಪುಸ್ತಕ

ವೂಚ್ ಪಟ್ಟಣದ ಹಳೇ ಗಿರಣಿ ಬೀದಿಯಲ್ಲಿ ನನ್ನದೊಂದು ದರ್ಜಿ ಅಂಗಡಿ.
ಹೆಸರು ಬೊಗುಮಿಲಾ. ಫಲಕದ ಮೇಲೆ ಇನ್ನೂ ಅಪ್ಪನ ಹೆಸರೇ ಇದೆ;
ಬಣ್ಣದವನು ಅಕ್ಷರಕ್ಕಿಷ್ಟು ಅಂದ, ಇರಲಿ ಬಿಡು ಅಂದೆ.

ಅದಕ್ಕೂ ಮೊದಲು ಹನ್ನೊಂದು ವರ್ಷ ಸರ್ಕಾರದ ಕಾರ್ಖಾನೆಯಲ್ಲಿ
ಮಿಲಿತ್ಸಿಯಾದವರ ಕೋಟಿಗೆ ಕಾಜಾ ಹೊಲಿದೆ.
ಕೋಟು ಹೊಲಿಯಲಿಲ್ಲ, ತಪ್ಪು ತಿಳಿಯಬೇಡಿ. ಬರೀ ಕಾಜಾ.
ತೋಳು ಒಬ್ಬಳದು, ಕಾಲರು ಒಬ್ಬಳದು, ಅಸ್ತರಿ ಇನ್ನೊಬ್ಬಳದು,
ಇಡೀ ಕೋಟನ್ನು ಕಂಡವರು ನಮ್ಮೊಳಗೆ ಯಾರೂ ಇರಲಿಲ್ಲ.
ಬಣ್ಣವೊಂದು ಗೊತ್ತಿತ್ತು:
ಪಾತ್ರೆ ತೊಳೆದ ನೀರಿಗೆ ಒಂದು ಹನಿ ನೀಲಿ ಬಿದ್ದ ಹಾಗೆ.

ಎಂಬತ್ತೆರಡರ ಮೇ ತಿಂಗಳಲ್ಲಿ ನನ್ನ ತಮ್ಮ ಲೆಶೆಕ್
ಚೌಕಕ್ಕೆ ಹೋದವನು ಕತ್ತಲಾದ ಮೇಲೆ ಬಂದ.
ಎಡಗಿವಿ ಕೇಳಿಸುತ್ತಿರಲಿಲ್ಲ. ಅಂದಿನಿಂದ ಕೇಳಿಸಿಲ್ಲ.
ಮುಷ್ಟಿ ಬಿಡಿಸಿದರೆ ಒಳಗೊಂದು ಗುಂಡಿ,
ಕಿರೀಟವಿಲ್ಲದ ಹದ್ದು, ಹಿಂದೆ ಕಿತ್ತುಬಂದ ಚೂರು ಬಟ್ಟೆ.
ಗುಂಡಿ ಹಚ್ಚುವವಳು ದನೂತಾ, ನಾನಲ್ಲ.
ಆ ಗುಂಡಿ ಬೆಳಗ್ಗೆ ತೂರಿಕೊಂಡ ಕಾಜಾ ಮಾತ್ರ
ನನ್ನದಿರಬಹುದು.
ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಆಮೇಲೆ ತೊಂಬತ್ತರಲ್ಲಿ ಹೆಸರು ಬದಲಾಯಿತು.
ಮಿಲಿತ್ಸಿಯಾ ಹೋಯಿತು, ಪೊಲಿತ್ಸಿಯಾ ಬಂತು.
ನಮ್ಮ ಲಿಪಿಯಲ್ಲಿ ಮುಂದಿನ ಎರಡಕ್ಷರ ಕೆರೆದು
ಬೇರೆ ಎರಡು ಬರೆದರಾಯಿತು; ಉಳಿದ ಐದೂ ಹಾಗೇ ಇದ್ದವು
ಬಾಗಿಲ ಮೇಲೆ, ಜೀಪಿನ ಮೇಲೆ.
ಹದ್ದಿಗೆ ಕಿರೀಟ ವಾಪಸು ಬಂತು.
ಬಟ್ಟೆ ಬರುವುದು ತಡವಾಯಿತು; ಅಲ್ಲಿಯವರೆಗೆ
ಹಳೇ ಕೋಟಿಗೇ ಹೊಸ ಬಿಲ್ಲೆ, ಹಳೇ ಹೊಟ್ಟೆಗೇ ಹೊಸ ಬೆಲ್ಟು.

ಕೊನೆಗೆ ಕಡುನೀಲಿ ಬಂದಾಗ
ಸಾರ್ಜೆಂಟ್ ಹಬೆರಾ ನನ್ನ ಕನ್ನಡಿಯ ಮುಂದೆ ನಿಂತ.
ಎದೆ ನೂರಾನಾಲ್ಕು. ಸೊಂಟ ಅದಕ್ಕೂ ಹೆಚ್ಚು.
ಎಂಬತ್ತೆರಡರಲ್ಲಿ ಎಲ್ಲಿದ್ದಿರಿ, ಯಾವ ಚೌಕದಲ್ಲಿ,
ಕೇಳಬೇಕೆಂದಿದ್ದೆ, ಬಾಯಿ ತುಂಬ ಗುಂಡುಸೂಜಿ.
ಅಳತೆಯ ಪುಸ್ತಕದಲ್ಲಿ ಅದಕ್ಕೊಂದು ಕಾಲಮ್ಮೂ ಇಲ್ಲ.
ಅವನೇ ಅಂದ: ಹೊಸ ಬಟ್ಟೆ, ಕುತ್ತಿಗೆಗೆ ಕಚ್ಚುತ್ತದೆ.
ಕಾಲರ್ ಸಡಿಲ ಮಾಡಿಕೊಟ್ಟೆ.
ಹಣ ಎಣಿಸಿಟ್ಟ. ರಸೀದಿ ಕೇಳಿದ.
ಸಮವಸ್ತ್ರದವನೊಬ್ಬ ಈ ಅಂಗಡಿಯಲ್ಲಿ ಹಣ ಕೊಟ್ಟದ್ದು
ಅದೇ ಮೊದಲು. ರಸೀದಿ ಪುಸ್ತಕ ಹುಡುಕಲು ಹೊತ್ತು ಹಿಡಿಯಿತು.

ಈಗ ದಾರಿಯಲ್ಲಿ ತಡೆದರೆ ಮೊದಲು ತಮ್ಮ ಹೆಸರು ಹೇಳುತ್ತಾರೆ,
ಹುದ್ದೆ ಹೇಳುತ್ತಾರೆ, ಯಾಕೆ ತಡೆದೆವೆಂದು ಹೇಳುತ್ತಾರೆ.
ಆಗ ಹೆಸರು ಹೇಳಬೇಕಾಗಿದ್ದುದು ನಾವು.
ಟೊಪ್ಪಿಗೆ ಆಟದ ಹುಡುಗರದರಂತೆ. ಎದೆಯ ಮೇಲೆ ಜೇಬೇ ಜೇಬು.
ಗುಂಡಿಯಿಲ್ಲ, ಕಾಜಾ ಇಲ್ಲ, ನನ್ನ ಕಸುಬಿಗೆ ಜಾಗವಿಲ್ಲ:
ಎಲ್ಲಕ್ಕೂ ಅಂಟುಪಟ್ಟಿ. ಚರ್ರೆಂದು ಎಳೆದರೆ
ಮನುಷ್ಯನ ಹೆಸರೂ ಕೈಗೆ ಬರುತ್ತದೆ.

ಕಳೆದ ಮಾಗಿಯಲ್ಲಿ ಬಂದಳು ಕಿಂಗಾ, ಇಪ್ಪತ್ತಾರರ ಕಾನ್‌ಸ್ಟೇಬಲ್.
ಹೆಸರಿನ ಪಟ್ಟಿ ಹೊಲಿದುಬಿಡಿ, ಅಂದಳು.
ನಿಯಮ ಒಪ್ಪುತ್ತದೆಯೇ? ಭುಜ ಕುಣಿಸಿದಳು.
ಗಲಾಟೆಯಲ್ಲಿ ಬಿದ್ದುಹೋಗುತ್ತದೆ ಅಮ್ಮಾ.
ಕೆಲವರದು ಗಲಾಟೆಗೆ ಮುಂಚೆಯೇ ಬೀಳುತ್ತದೆ.

ಜೋಡಿದಾರ ಪೋಣಿಸಿದೆ. ನಾಲ್ಕು ಅಂಚಿಗೂ ಹಿಂಹೊಲಿಗೆ.
ಕಿತ್ತರೆ ಎದೆಯ ಬಟ್ಟೆಯೂ ಜೊತೆಗೇ ಬರಬೇಕು, ಹಾಗೆ.

ಹೋಗುವಾಗ ಮೂಲೆಯಲ್ಲಿ ಕೂತಿದ್ದ ಲೆಶೆಕ್‌ಗೆ
ನಮಸ್ಕಾರ ಅಂದಳು. ಅವನು ಅಲುಗಲಿಲ್ಲ.
ಅವಳು ಒಂದು ಕ್ಷಣ ನೋಡಿದಳು,
ಇಸ್ತ್ರಿಮೇಜು ಬಳಸಿಕೊಂಡು ಬಲಗಡೆಗೆ ಹೋಗಿ
ಸ್ವಲ್ಪ ಬಾಗಿ, ಇನ್ನೊಮ್ಮೆ ಅಂದಳು.

ಲೆಶೆಕ್ ಅವಳ ಮುಖ ನೋಡಲಿಲ್ಲ, ಕೋಟು ನೋಡಿದ,
ದರ್ಜಿಯ ಮಗನಲ್ಲವೇ.
ಎಡತೋಳು ಅರ್ಧ ಅಂಗುಲ ಉದ್ದ, ಅಂದ.

ಹೌದು, ಉದ್ದವೇ. ಅವಳು ನಿಂತಳು.
ನಾನು ಗುಂಡುಸೂಜಿಗಳನ್ನು ಬಾಯಿಗಿಟ್ಟುಕೊಂಡೆ.